ಲಿಬರೇಟರ್ ಅವಶೇಷಕ್ಕೆ ಕೈ ಹಾಕುವ ಮುನ್ನ: ರಕ್ಷಣಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ರಕ್ಷಣಾ ಸಚಿವರಿಗೆ,

ನಮಸ್ಕಾರಗಳು.

ಗಡಿ ರಸ್ತೆಗಳ ಸಂಸ್ಥೆ, ಭೂಸೇನೆ, ವಾಯುಸೇನೆ ಮೂರೂ ನಿಮ್ಮ ಸಚಿವಾಲಯದ ಅಡಿಯಲ್ಲಿವೆ. ಅರುಣಾಚಲದ ಕಾಡಿನಲ್ಲಿ ಎರಡನೇ ಮಹಾಯುದ್ಧದ ವಿಮಾನದ ಅವಶೇಷ ಕಂಡರೆ ಮೊದಲ ದಿನ ಏನು ಮಾಡಬೇಕು, ಏನು ಮಾಡಬಾರದು ಎಂದು ತಿಳಿಸುವ ಒಂದು ಪುಟದ ಆದೇಶ ಈ ಮೂರೂ ಪಡೆಗಳ ಕೈಯಲ್ಲಿರಲಿ. ನಮ್ಮ ಕೋರಿಕೆ ಇಷ್ಟೇ.

ಇದರ ಅಗತ್ಯ ತಿಳಿಯಲು ಲೆಫ್ಟಿನೆಂಟ್ ರಾಬರ್ಟ್ ಯೂಜೀನ್ ಆಕ್ಸ್‌ಫರ್ಡ್ ಅವರ ಪ್ರಕರಣ ನೋಡಿ. ಅಮೆರಿಕದ ಜಾರ್ಜಿಯಾ ರಾಜ್ಯದ ಕಾನ್‌ಕಾರ್ಡ್‌ನವರು. ‘ಹಾಟ್ ಆ್ಯಸ್ ಹೆಲ್’ ಎಂಬ ಬಿ-24 ಲಿಬರೇಟರ್ ಬಾಂಬರ್ ವಿಮಾನದಲ್ಲಿ ಬಾಂಬಿನ ಗುರಿ ಹಿಡಿಯುವ ಕೆಲಸ ಅವರದು. 1944ರ ಜನವರಿ 25ರಂದು ಚೀನಾದ ಕುನ್ಮಿಂಗ್‌ನಿಂದ ಅಸ್ಸಾಮಿನ ಚಬುವಾಕ್ಕೆ ಹೊರಟ ಆ ವಿಮಾನ ಬಂದು ಮುಟ್ಟಲೇ ಇಲ್ಲ. ಒಳಗೆ 8 ಮಂದಿ ಇದ್ದರು. ಅಂದು ಹೊರಟಿದ್ದು ದಾಳಿಗಲ್ಲ, ಸಾಮಗ್ರಿ ತರುವುದಕ್ಕೆ. ಚೀನಾದಲ್ಲಿದ್ದ ಆ ಬಾಂಬರ್‌ಗಳು ತಮ್ಮ ಪೆಟ್ರೋಲು, ಬಾಂಬುಗಳನ್ನು ತಾವೇ ಹಿಮಾಲಯ ದಾಟಿಸಿ ಹೊತ್ತೊಯ್ಯಬೇಕಿತ್ತು. 2006ರಲ್ಲಿ ಅರುಣಾಚಲದ ದಮ್ರೋ ಬಳಿ ಅವಶೇಷ ಪತ್ತೆಯಾಯಿತು. ಅಮೆರಿಕದ ತಂಡ ಅಗೆದು ಶೋಧಿಸಿದ್ದು 2015ರಲ್ಲಿ. 2016ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಅಸ್ಥಿಗಳ ಹಸ್ತಾಂತರ, 2017ರಲ್ಲಿ ಡಿಎನ್‌ಎ ಗುರುತು, ಅದೇ ವರ್ಷದ ಜೂನ್‌ನಲ್ಲಿ ಸ್ವಂತ ಊರಲ್ಲಿ ಸಮಾಧಿ. ಪತ್ತೆಯಾದ ಮೇಲೆ ಅಗೆತಕ್ಕೇ ಒಂಬತ್ತು ವರ್ಷ. ಅದರಲ್ಲಿ ಬೆಟ್ಟದ ಪಾಲೆಷ್ಟೋ, ಕಡತದ ಪಾಲೂ ಅಷ್ಟೇ ಇದೆ ಎಂದು ವಿನಯದಿಂದಲೇ ಹೇಳುತ್ತೇವೆ. ಭಾರತದ ನೆಲದಲ್ಲಿ ಇನ್ನೂ ಸಿಗಬೇಕಾದ ಅಮೆರಿಕದ ಯೋಧರು ಮುನ್ನೂರಕ್ಕೂ ಹೆಚ್ಚು.

ಆದೇಶದ ಮೊದಲ ಸಾಲು ಹೀಗಿರಬೇಕು: ಯಾವ ಭಾಗವನ್ನೂ ಕದಲಿಸಬೇಡಿ. ಲಿಬರೇಟರ್‌ನ ಮೂತಿಯಲ್ಲಿ ಗುರಿಕಾರ ಮತ್ತು ನ್ಯಾವಿಗೇಟರ್, ಅವರ ಹಿಂದೆ ಇಬ್ಬರು ಪೈಲಟ್‌ಗಳು, ಬಳಿಕ ರೇಡಿಯೋ ಆಪರೇಟರ್, ಬಾಂಬ್ ಕೋಣೆಯ ಆಚೆ ಬಾಲದ ಕಡೆ ಗನ್ನರ್‌ಗಳು. ಮೂಳೆಯ ಚೂರು ಯಾವ ಭಾಗದ ಪಕ್ಕ ಸಿಕ್ಕಿತು ಎಂಬುದೇ ಅದು ಯಾರದಿರಬಹುದು ಎಂಬುದಕ್ಕೆ ಮೊದಲ ಸುಳಿವು. ಒಂದು ಎಂಜಿನ್ ಉರುಳಿಸಿ ರಸ್ತೆಗೆ ತಂದರೂ ಆ ನಕ್ಷೆ ಕೆಟ್ಟಂತೆಯೇ. ಪ್ರತಿ ದೊಡ್ಡ ತುಂಡಿನ ಜಿಪಿಎಸ್ ಅಂಕಿ ಬರೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದರೆ ಸಾಕು.

ಎರಡನೆಯದು ನಂಬರುಗಳು. ಬಿ-24ಕ್ಕೆ ನಾಲ್ಕು ಎಂಜಿನ್. ತಗಡಿನ ಫಲಕದಲ್ಲಿ ಆರ್-1830-43 ಅಥವಾ 65 ಎಂದಿರುತ್ತದೆ. ಅಂದಿನ ಸರಕು ವಿಮಾನ ಡಕೋಟಾದಲ್ಲೂ ಇದೇ ಎಂಜಿನ್ ಕುಟುಂಬ, ಆದರೆ ಕೊನೆಯಲ್ಲಿ ಸಾಮಾನ್ಯವಾಗಿ 92. ಬಿಡಿಭಾಗದ ನಂಬರು 32ರಿಂದ ಶುರುವಾದರೆ ಲಿಬರೇಟರ್ ವಂಶದ್ದು. ಇಲ್ಲೇ ಎಡವುವುದುಂಟು: ಅದೇ ವಂಶದ ಸರಕು ವಿಮಾನ ಸಿ-87ರಲ್ಲೂ 32 ಇರುತ್ತದೆ. ಬಾಂಬ್ ತೂಗುಹಾಕುವ ಚೌಕಟ್ಟು ಅಥವಾ ಗನ್ ಟರೆಟ್‌ನ ಭಾಗ ಕಂಡ ಮೇಲೆಯೇ ಬಾಂಬರ್ ಎನ್ನಬೇಕು. ಎಂಜಿನ್ ಮತ್ತು ಮೆಷಿನ್ ಗನ್‌ಗಳ ಸೀರಿಯಲ್ ನಂಬರನ್ನು ಅಂದಿನ ಅಮೆರಿಕನ್ ನಾಪತ್ತೆ ವರದಿಯ ನಂಬರಿಗೆ ತಾಳೆ ನೋಡಿದರೆ ವಿಮಾನ ಯಾವುದೆಂದು ತಿಳಿಯುತ್ತದೆ. ಅಲ್ಯೂಮಿನಿಯಂ ಮೇಲಿನ ಅಚ್ಚು ಆಳವಿರುವುದಿಲ್ಲ. ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ನಂಬರೇ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಫೋಟೋ ತೆಗೆಯಲಿ. 12.7 ಮಿ.ಮೀ. ಗುಂಡುಗಳು ಸಿಕ್ಕರೆ ಮುಟ್ಟದೆ, ಬಾಂಬ್ ನಿಷ್ಕ್ರಿಯ ದಳಕ್ಕೆ ಬಿಡಲಿ. ಎಂಬತ್ತು ವರ್ಷ ಕಳೆದ ಮಾತ್ರಕ್ಕೆ ಅವು ಸತ್ತಿರುವುದಿಲ್ಲ.

ಮೂಳೆ, ಹಲ್ಲು ಕಂಡರೆ ಬರಿಗೈ ಬೇಡ. ಮುಟ್ಟಿದವರ ಡಿಎನ್‌ಎ ಅದಕ್ಕೆ ಸೇರುತ್ತದೆ. ಇದ್ದಲ್ಲೇ ಬಿಟ್ಟು ಟಾರ್ಪಾಲು ಮುಚ್ಚುವುದೇ ಒಳ್ಳೆಯದು. ಭೂಕುಸಿತದ ಭಯದಿಂದ ತೆಗೆಯಲೇಬೇಕಾದರೆ ಕೈಗವಸು ಹಾಕಿ, ತೊಳೆಯದೆ, ಕಾಗದದ ಚೀಲದಲ್ಲಿಡಲಿ. ಒದ್ದೆಯಿದ್ದಾಗ ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಮಣ್ಣನ್ನು ಸುಮಾರು 6 ಮಿ.ಮೀ. ಕಣ್ಣಿನ ಜರಡಿಯಲ್ಲಿ ಸೋಸುವುದು ಪರಿಣತರ ಕೆಲಸ. ಹುಳಿಮಣ್ಣಿನಲ್ಲಿ ಮೂಳೆ ಕರಗಿದರೂ ಹಲ್ಲು ಹೆಚ್ಚು ಕಾಲ ಉಳಿಯುತ್ತದೆ. ಅದು ಸಿಗುವುದು ಜರಡಿಯಲ್ಲೇ.

ಅರುಣಾಚಲದ ಪಾಸಿಘಾಟ್‌ನಲ್ಲಿ 2023ರಲ್ಲಿ ‘ಹಂಪ್’ (ಹಿಮಾಲಯ ದಾಟುವ ಆ ಯುದ್ಧಕಾಲದ ವಿಮಾನ ಮಾರ್ಗ) ವಸ್ತುಸಂಗ್ರಹಾಲಯ ತೆರೆದದ್ದು ಸಂತೋಷದ ವಿಷಯ. ಆದರೆ ಅಸ್ಥಿಶೋಧ ಮುಗಿಯದ ಜಾಗದಿಂದ ಒಂದು ಬೋಲ್ಟ್ ಕೂಡ ಪ್ರದರ್ಶನಕ್ಕೆ ಹೋಗಬಾರದು. ಎಲ್ಲಿ ಸಿಕ್ಕಿತೆಂಬ ಚೀಟಿಯಿಲ್ಲದ ಭಾಗ ಬರೀ ತಗಡು.

ಈ ಕೆಲಸ ನಮ್ಮವರಿಗೆ ಹೊಸದೇನಲ್ಲ. 1968ರಲ್ಲಿ ಹಿಮಾಚಲದ ರೋಹ್ತಾಂಗ್ ಬಳಿ ನಾಪತ್ತೆಯಾದ ವಾಯುಸೇನೆಯ ಎಎನ್-12 ಸಾಗಣೆ ವಿಮಾನದಲ್ಲಿದ್ದವರ ದೇಹಗಳನ್ನು 2024ರಲ್ಲೂ ಸೇನೆ ಹಿಮದಿಂದ ತೆಗೆದಿದೆ. ಲಿಬರೇಟರ್‌ನ ನಟ್ಟು-ಬೋಲ್ಟು ಬಲ್ಲ ಊರು ಬೆಂಗಳೂರು: ಯುದ್ಧದ ಬಳಿಕ ಕಾನ್ಪುರದಲ್ಲಿ ಬ್ರಿಟಿಷ್ ವಾಯುಸೇನೆ ಬಿಟ್ಟುಹೋದ ಲಿಬರೇಟರ್‌ಗಳನ್ನು ಎಚ್‌ಎಎಲ್ ಮತ್ತೆ ಹಾರುವಂತೆ ಮಾಡಿತು, ವಾಯುಸೇನೆ 1968ರವರೆಗೆ ಹಾರಿಸಿತು. ಆ ಕಾಲದ ಕೈಪಿಡಿ, ಬಿಡಿಭಾಗಗಳ ಪಟ್ಟಿ ಎಚ್‌ಎಎಲ್‌ನಲ್ಲಿ ಉಳಿದಿದ್ದರೆ ಸ್ಕ್ಯಾನ್ ಮಾಡಿಸಿ ಈಶಾನ್ಯದ ಘಟಕಗಳಿಗೆ ಕಳಿಸಿಕೊಡಿ.

ಶೋಧತಂಡಕ್ಕೆ ಅನುಮತಿ ಮಳೆ ನಿಂತ ಮೇಲೆ ಬಂದು ಪ್ರಯೋಜನವಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಆ ಇಳಿಜಾರುಗಳಲ್ಲಿ ನೆಮ್ಮದಿಯಾಗಿ ಅಗೆಯಬಹುದು, ಆದ್ದರಿಂದ ಕಡತಕ್ಕೆ ಆಗಸ್ಟ್‌ನಲ್ಲೇ ಸಹಿ ಬೀಳಬೇಕು. ಇದನ್ನು ನೋಡಿಕೊಳ್ಳಲು ನಿಮ್ಮ ಸಚಿವಾಲಯದಲ್ಲಿ ಒಬ್ಬ ಅಧಿಕಾರಿಯನ್ನು ನೇಮಿಸಿ, ಅವರ ಹುದ್ದೆ ಮತ್ತು ದೂರವಾಣಿಯನ್ನು ಆ ಒಂದು ಪುಟದ ಆದೇಶದಲ್ಲೇ ಅಚ್ಚು ಹಾಕಿಸಬೇಕಾಗಿ ವಿನಂತಿ.

ಇತಿ,
ವಿಮಾನ ಇತಿಹಾಸದ ಆಸಕ್ತರು, ಬೆಂಗಳೂರು