ಹಸಿವಿಲ್ಲ ಎಂದು ಬರೆದಿದ್ದೀಯಲ್ಲ

ತಿಪಟೂರು
ಗುರುವಾರ ರಾತ್ರಿ

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರವೇ ಕೈ ಸೇರಿತು. ಮೊಬೈಲ್ ಇರುವಾಗ ಕಾಗದ ಏಕೆ ಬರೆದೆ ಎಂದು ಕೇಳುವುದಿಲ್ಲ. ಎರಡು ಕೋಣೆಯ ಮನೆಯಲ್ಲಿ ಫೋನಿನಲ್ಲಿ ಆಡಲಾಗದ ಮಾತುಗಳಿರುತ್ತವೆ. ಬಾಡಿಗೆಯ ವಿಷಯ, ಅಳಿಯಂದಿರ ಕಾರ್ಖಾನೆಯ ಸಂಗತಿ, ನಿಮ್ಮ ಅತ್ತೆಯವರ ಮಂಡಿನೋವು, ಎಲ್ಲವನ್ನೂ ನಿನ್ನ ಅಮ್ಮ ಹೇಳಿದ್ದಾಳೆ. ಅದನ್ನು ಮತ್ತೆ ಕೆದಕುವುದು ಬೇಡ. ನೀನು ಕೇಳಿದ್ದು ಇಷ್ಟೇ: ಐದು ಜನರ ಮನೆ, ಮಾಂಸ ಮೊಟ್ಟೆ ಇಲ್ಲದ ಅಡುಗೆ, ಕಡಿಮೆ ಖರ್ಚಿನಲ್ಲಿ ತಿಂಗಳು ತೂಗಿಸುವುದು ಹೇಗೆ ಎಂದು. ಉತ್ತರ ಬರೆಯಲು ಮಂಗಳವಾರ ಕುಳಿತೆ, ಬುಧವಾರವೂ ಕುಳಿತೆ. ಆಗಲಿಲ್ಲ. ಎರಡನೆಯ ಪುಟದಲ್ಲಿ, ತೊಗರಿಬೇಳೆಯ ಲೆಕ್ಕಕ್ಕೂ ಗ್ಯಾಸಿನ ಲೆಕ್ಕಕ್ಕೂ ನಡುವೆ, "ನನಗೆ ಹೇಗೂ ರಾತ್ರಿ ಹಸಿವಿರುವುದಿಲ್ಲ ದೊಡ್ಡಮ್ಮ, ಅಷ್ಟರಮಟ್ಟಿಗೆ ಒಬ್ಬರ ಊಟ ಉಳಿಯುತ್ತದೆ" ಎಂದು ಬರೆದಿದ್ದೀಯೆ. ಕಣ್ಣು ಆ ಸಾಲಿಗೆ ಬಂದು ನಿಂತುಬಿಡುತ್ತದೆ.

ಬೆಳಿಗ್ಗೆ ಐದೂವರೆಗೆ ಎದ್ದು ನಾಲ್ಕು ಡಬ್ಬಿ ಕಟ್ಟುವವಳು ನೀನು. ನೀರು ಹಿಡಿದು, ಬಟ್ಟೆ ಒಗೆದು, ಮಧ್ಯಾಹ್ನವೆಲ್ಲ ಹೊಲಿಗೆ ಯಂತ್ರದ ಮುಂದೆ ಕುಳಿತ ಮೂವತ್ತೆರಡು ವರ್ಷದ ಹೆಣ್ಣಿಗೆ ರಾತ್ರಿ ಹಸಿವಾಗುವುದಿಲ್ಲವೇ? ನಿಜವಾಗಿಯೂ ಆಗದಿದ್ದರೆ ನಾಳೆಯೇ ಡಾಕ್ಟರ ಹತ್ತಿರ ಹೋಗು. ಆಗಿಯೂ ಹಾಗೆ ಹೇಳುತ್ತಿದ್ದರೆ, ಆ ಮಾತು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷ ಅದನ್ನು ಆಡಿದ್ದೇನೆ.

ಮೊದಲು ನೀನು ಕೇಳಿದ್ದಕ್ಕೆ ಸ್ವಲ್ಪ ಹೇಳಿಬಿಡುತ್ತೇನೆ. ತೊಗರಿಬೇಳೆಯನ್ನೇ ನೆಚ್ಚಿಕೊಳ್ಳಬೇಡ. ವಾರದಲ್ಲಿ ಮೂರು ದಿನ ಹುರುಳಿ, ಹೆಸರುಕಾಳು, ಅಲಸಂದೆ ಇವುಗಳ ಕಡೆಗೆ ತಿರುಗು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ತೊಗರಿಗೆ ಏನೂ ಕಡಿಮೆಯಿಲ್ಲ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಇಣುಕಿರುತ್ತದೆ. ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಕಾಳು, ದಂಟಿನ ಸೊಪ್ಪು ಒಟ್ಟಿಗೆ ಬೇಯಿಸಿ ಬಸಿದರೆ ನೀರು ಬಸ್ಸಾರಿಗೆ, ಗಟ್ಟಿ ಪಲ್ಯಕ್ಕೆ. ಖಾರ ರುಬ್ಬುವಾಗ ಬೆಂದ ಕಾಳನ್ನೇ ಒಂದು ಹಿಡಿ ಸೇರಿಸಿದರೆ ಸಾರು ಮಂದವಾಗುತ್ತದೆ, ಕಾಯಿ ಅರ್ಧ ಸಾಕು. ತೆಂಗಿನ ಊರಿನಲ್ಲಿ ಕುಳಿತು ಕಾಯಿ ಕಡಿಮೆ ಹಾಕು ಎಂದು ಬರೆಯಲು ನನಗೆ ಸಂಕಟವಾಗುತ್ತದೆ. ಇದು ನಿನಗೆ ಗೊತ್ತಿಲ್ಲದ್ದೂ ಅಲ್ಲ, ನಿನ್ನ ಅಜ್ಜಿಯ ಅಡುಗೆಮನೆಯಲ್ಲಿ ನೋಡಿಯೇ ಬೆಳೆದವಳು ನೀನು.

ಅಜ್ಜಿಯ ಮಾತು ಬಂತಲ್ಲ. ನಿನಗೆ ಅಜ್ಜಿಯ ಕೊನೆಯ ವರ್ಷಗಳಷ್ಟೇ ನೆನಪಿರಬಹುದು. ನಾವು ಚಿಕ್ಕವರಿದ್ದಾಗ ಅಮ್ಮ ಹಿಟ್ಟು ತಿರುವಿ, ಮುದ್ದೆ ಕಟ್ಟಿ ಸಾಲಾಗಿ ಇಡುತ್ತಿದ್ದರು. ಮೊದಲನೆಯದು ಅಪ್ಪನಿಗೆ, ಅದು ಎರಡು ಕೈ ತುಂಬುವಷ್ಟು. ಆಮೇಲೆ ಅಣ್ಣಂದಿರದು, ನನ್ನದು, ನಿನ್ನ ಅಮ್ಮನದು. ಸಾಲು ಮುಗಿಯುವ ಹೊತ್ತಿಗೆ ಪಾತ್ರೆಯಲ್ಲಿ ತಳ ಹಿಡಿದ ಹಿಟ್ಟಷ್ಟೇ ಇರುತ್ತಿತ್ತು. ಅದಕ್ಕೆ ನೀರು ಬಿಟ್ಟು, ಕೋಲಿನಿಂದ ಕೆರೆದು, ಉಪ್ಪು ಹಾಕಿ ಕದಡಿ, ಮಜ್ಜಿಗೆ ಇದ್ದ ದಿನ ಮಜ್ಜಿಗೆ ಸೇರಿಸಿ, ಒಲೆಯ ಕಡೆಗೆ ಮುಖ ಮಾಡಿಕೊಂಡು ಕುಡಿಯುತ್ತಿದ್ದರು. ಊಟ ಆಯಿತಾ ಅಮ್ಮ ಎಂದು ಹೊರಗಿನಿಂದ ಕೂಗಿದರೆ "ನನ್ನದಾಯಿತು" ಎನ್ನುತ್ತಿದ್ದರು. ನಾವು ನಂಬುತ್ತಿದ್ದೆವು. ನಂಬದಿರಲು ಯಾರೂ ಒಳಗೆ ಹೋಗಿ ನೋಡುತ್ತಿರಲಿಲ್ಲ.

ಮದುವೆಯಾಗಿ ಬಂದ ಮೇಲೆ ಆ ಮಾತು ನನ್ನ ಬಾಯಿಗೆ ತಾನಾಗಿಯೇ ಬಂತು. ಯಾರೂ ನನಗೆ ಊಟ ಬೇಡವೆಂದವರಲ್ಲ. ನಿಮ್ಮ ದೊಡ್ಡಪ್ಪನ ಸ್ವಭಾವ ನಿನಗೆ ಗೊತ್ತು. ನಾನೇ ಸೌಟು ಹಿಡಿದವಳು, ನಾನೇ ನನ್ನ ಪಾಲು ಕಡಿಮೆ ಮಾಡಿಕೊಂಡವಳು. ಹಾಗೆ ಮಾಡಿದಾಗ ಮನಸ್ಸಿಗೆ ಒಂದು ಸಮಾಧಾನವಾಗುತ್ತದೆ, ಅದನ್ನೂ ಸುಳ್ಳೆನ್ನಲಾರೆ. ಇವತ್ತು ಒಂದು ಊಟ ಉಳಿಸಿದೆ ಎಂದು ರಾತ್ರಿ ಮಲಗುವಾಗ ಎದೆ ಹಗುರವಾಗುತ್ತದೆ. ನಿನ್ನ ಕಾಗದದ ಆ ಸಾಲಿನಲ್ಲಿ ಅದೇ ಸಮಾಧಾನ ಕಂಡಿತು. ಅದಕ್ಕೇ ಹೆದರಿದ್ದೇನೆ.

ತೆಂಗಿಗೆ ನುಸಿ ಪೀಡೆ ಬಂದ ವರ್ಷಗಳು ನೆನಪಿವೆಯೇ? ನೀನು ಆಗ ಅಂಗನವಾಡಿಗೆ ಹೋಗುತ್ತಿದ್ದೆಯೇನೋ. 2000ನೇ ಇಸವಿಯ ಆಸುಪಾಸು. ಎಳೆಗಾಯಿಯ ತೊಟ್ಟಿನ ಹತ್ತಿರ ಕಂದು ಕಲೆ ಏಳುತ್ತಿತ್ತು, ಆಮೇಲೆ ಮೈಯೆಲ್ಲ ಬಿರುಕು. ಉಳಿದ ಕಾಯಿಯೂ ಗಿಡ್ಡಾಗಿ, ಕೊಬ್ಬರಿಗೆ ಬಾರದಂತೆ ಆಗುತ್ತಿತ್ತು. ತೋಟವನ್ನೇ ನಂಬಿದ್ದ ನಮ್ಮ ಮನೆಯಲ್ಲಿ ಏನಾಯಿತೆಂದು ನಿನಗೆ ಹೇಳಬೇಕಾಗಿಲ್ಲ. ನಿಮ್ಮಕ್ಕ, ನನ್ನ ಮಗಳು, ಒಂಬತ್ತನೇ ತರಗತಿಯಲ್ಲಿ, ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಬಿದ್ದದ್ದು ಆ ಕಾಲದಲ್ಲಿಯೇ. ಅದು ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚಿನದು ಯಾರಿಗೂ ಗೊತ್ತಿಲ್ಲ. ನಿನಗೇ ಮೊದಲು ಹೇಳುತ್ತಿದ್ದೇನೆ.

ಒಂದು ರಾತ್ರಿ ಬಡಿಸುತ್ತಿದ್ದೆ. ಸಾರು ಕಡಿಮೆಯಿತ್ತು. ಅವಳ ತಟ್ಟೆಯ ಹತ್ತಿರ ಬಂದಾಗ ಅವಳು ಪಾತ್ರೆಯೊಳಗೆ ಇಣುಕಿ ನೋಡಿದಳು. ನೋಡಿ, ಅಂಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದು "ನನಗೆ ಹಸಿವಿಲ್ಲ ಅಮ್ಮ, ತಮ್ಮನಿಗೆ ಹಾಕು" ಎಂದಳು. ನನ್ನ ದನಿಯೇ ಅದು. ಅವಳಿಗೆ ಆಗ ಹದಿಮೂರು ವರ್ಷ. ನಾನು ಏನು ಮಾಡಿದೆ ಗೊತ್ತೇ? ತಲೆ ಸವರಿ "ಜಾಣೆ" ಎಂದೆ. ಆ ಸಾರನ್ನು ಅವಳ ತಮ್ಮನ ತಟ್ಟೆಗೆ ಹಾಕಿದೆ. ಮಗಳಿಗೆ ಮನೆಯ ಕಷ್ಟ ಅರ್ಥವಾಗುತ್ತದಲ್ಲ ಎಂದು ಹೆಮ್ಮೆಪಟ್ಟೆ. ಆ ಮೇಲೆ ಒಂದೂವರೆ ವರ್ಷ ಅವಳು ಜಾಣೆಯಾಗಿಯೇ ಇದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನನಗೆ ತೋರಿಸಿದರು. ಕೆಂಪಗಿರಬೇಕಾದ ಕಡೆ ನೆನೆದ ಅಕ್ಕಿಯಂತೆ ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ ಏಳು. ಹೆಣ್ಣುಮಕ್ಕಳಿಗೆ ಹನ್ನೆರಡಾದರೂ ಇರಬೇಕಂತೆ. "ಇವಳು ದಿನಕ್ಕೆ ಏನು ತಿನ್ನುತ್ತಾಳೆ?" ಎಂದು ಕೇಳಿದರು. ಮನೆಯಲ್ಲಿ ಏನು ಮಾಡುತ್ತೇನೆ ಎಂಬುದು ನನಗೆ ಗೊತ್ತಿತ್ತು. ಹಿಂದಿನ ದಿನದ ಅಡುಗೆ, ಅದರ ಹಿಂದಿನ ದಿನದ ಅಡುಗೆ, ಎಲ್ಲವನ್ನೂ ಹೇಳಬಲ್ಲೆ. ಅವಳು ಏನು ತಿಂದಳು ಎಂಬುದು ಗೊತ್ತಿರಲಿಲ್ಲ. ಹೆತ್ತವಳು ಆ ಪ್ರಶ್ನೆಗೆ ಬಾಯಿ ಬಾರದೆ ನಿಂತೆ.

ನಿನ್ನ ದೊಡ್ಡ ಮಗಳಿಗೆ ಈಗ ಎಂಟು ವರ್ಷ ಅಲ್ಲವೇ? ಹೋದ ದೀಪಾವಳಿಗೆ ಬಂದಾಗ ನೋಡಿದ್ದೇನೆ, ನೀನು ಸೆರಗಿನಲ್ಲಿ ಕೈ ಒರೆಸಿದರೆ ಅವಳು ಲಂಗದಲ್ಲಿ ಒರೆಸುತ್ತಾಳೆ. ನೀನು ರಾತ್ರಿ ಆಡುವ ಮಾತನ್ನು ಅವಳು ಕೇಳುತ್ತಿರುತ್ತಾಳೆ ಮಗೂ.

ಮತ್ತೆ ಅಡುಗೆಯ ಮಾತಿಗೆ ಬರುತ್ತೇನೆ, ಅಡ್ಡ ಹೋಗಿಬಿಟ್ಟೆ. ಸೊಪ್ಪನ್ನು ಸಂಜೆ ಮಾರುಕಟ್ಟೆ ಮುಗಿಯುವ ಹೊತ್ತಿಗೆ ಕೊಂಡರೆ ಅಗ್ಗ. ಆದರೆ ಬಿಸಿಲಿಗೆ ಬಾಡಿದ್ದನ್ನು ಅಗ್ಗವೆಂದು ತರಬೇಡ. ಮೂಲಂಗಿಯ ಸೊಪ್ಪನ್ನು ಕತ್ತರಿಸಿ ಎಸೆಯಲು ಅಂಗಡಿಯವನಿಗೆ ಬಿಡಬೇಡ, ಹೆಸರುಬೇಳೆ ಹಾಕಿದರೆ ಒಳ್ಳೆಯ ಪಲ್ಯವಾಗುತ್ತದೆ. ಹೀರೇಕಾಯಿ ಸಿಪ್ಪೆ ಚಟ್ನಿಗೆ. ನಿಮ್ಮ ಬೀದಿಯ ಕೊನೆಯ ಮನೆಯಲ್ಲಿ ನುಗ್ಗೆ ಮರವಿದೆ, ನಾನು ಕಣ್ಣಾರೆ ನೋಡಿದ್ದೇನೆ. ಕೇಳಿದರೆ ಸೊಪ್ಪು ಕೊಡುತ್ತಾರೆ, ಕೇಳಲು ಸಂಕೋಚ ಬೇಡ. ರಾಗಿಯನ್ನು ಪ್ಯಾಕೆಟ್ ಹಿಟ್ಟಾಗಿ ಕೊಳ್ಳುವ ಬದಲು ಕಾಳು ತಂದು ಗಿರಣಿಗೆ ಹಾಕಿಸು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ, ಅತ್ತೆಯವರ ಮೂಳೆಗೂ ಮಕ್ಕಳ ಮೂಳೆಗೂ ಅದು ಬೇಕು. ಸೊಪ್ಪು, ಕಾಳು ಉಣ್ಣುವಾಗ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಅದರ ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ. ಊಟದ ಹಿಂದೆಯೇ ಕಾಫಿ, ಟೀ ಕುಡಿದರೆ ಹತ್ತುವುದಿಲ್ಲ. ಹಸಿವು ಮರೆಯಲು ಟೀ ಕುಡಿಯುವ ಅಭ್ಯಾಸ ನಿನಗೆ ಬಂದಿದೆಯೋ ಏನೋ. ನನಗಿತ್ತು, ಅದಕ್ಕೆ ಕೇಳಿದೆ.

ಇದರಲ್ಲಿ ಮುಕ್ಕಾಲು ನಾನು ಕಲಿತದ್ದು ಶಾಲೆಯ ಅಡುಗೆಮನೆಯಲ್ಲಿ. 2003ರಲ್ಲಿ ಅಕ್ಷರ ದಾಸೋಹ ನಮ್ಮ ಕಡೆಗೂ ಬಂದಾಗ ಸೇರಿಕೊಂಡೆನಲ್ಲ. ಐದನೇ ತರಗತಿಯವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟನೆಯವರಿಗೆ 150, 30, 75. ಮೇಷ್ಟ್ರು ಹಾಜರಿ ಹೇಳುತ್ತಿದ್ದರು, ನಾನು ತಲೆ ಎಣಿಸಿ ಅಳೆದು ಹಾಕುತ್ತಿದ್ದೆ. ಹೆಣ್ಣು ಗಂಡು, ದೊಡ್ಡ ಮನೆಯವರು ಚಿಕ್ಕ ಮನೆಯವರು ಎಂಬುದಿಲ್ಲದೆ ಪ್ರತಿ ತಲೆಗೂ ಒಂದು ಅಳತೆ. ಮೊದಲ ವಾರ ಆ ಬೇಳೆಯನ್ನು ತೂಗುವಾಗ ಕೈ ನಡುಗಿತು. ನನ್ನ ಮಗಳಿಗೆ ಇಷ್ಟನ್ನೂ ತೂಗಲಿಲ್ಲವಲ್ಲ ಎಂದು. ಬಡಿಸುವಾಗ ಯಾವುದಾದರೂ ಹುಡುಗಿ ಪಾತ್ರೆಯೊಳಗೆ ಇಣುಕಿ ಸಾಕು ಎಂದರೆ ನಾನು ಸೌಟನ್ನು ಹಿಂದಕ್ಕೆ ಎಳೆಯುತ್ತಿರಲಿಲ್ಲ. ಇಷ್ಟು ವರ್ಷವೂ ಎಳೆಯಲಿಲ್ಲ.

ನಿನ್ನ ಮನೆಯಲ್ಲಿ ಅಕ್ಕಿ ಅಳೆಯುವಾಗ ಐದು ತಲೆ ಎಣಿಸುತ್ತೀಯೋ ನಾಲ್ಕೋ? ಇದನ್ನು ನನಗೆ ನಿಜವಾಗಿ ತಿಳಿಸಬೇಕು. ರೇಷನ್ ಕಾರ್ಡಿನಲ್ಲಿ ತಲೆಗೆ ಇಷ್ಟೆಂದು ಬರುವ ಧಾನ್ಯದಲ್ಲಿ ನಿನ್ನ ಹೆಸರಿನದೂ ಸೇರಿದೆ. ಗೃಹಲಕ್ಷ್ಮಿಯ ಹಣ ಯಾರ ಖಾತೆಗೆ ಬರುತ್ತದೆಂದು ಗೊತ್ತು, ಆ ವಿಷಯ ಎತ್ತುವುದಿಲ್ಲ. ಆದರೆ ಧಾನ್ಯ ನಿನ್ನ ಕೈಯಲ್ಲಿದೆ. ಕಡಿಮೆ ಬೀಳುವುದಿದ್ದರೆ ಐವರಿಗೂ ಒಂದೊಂದು ತುತ್ತು ಕಡಿಮೆಯಾಗಲಿ. ಒಬ್ಬಳಿಗೇ ಇಡೀ ತಟ್ಟೆ ಏಕೆ ಕಡಿಮೆಯಾಗಬೇಕು?

ಒಂದು ಉಪಾಯ ಹೇಳಲೇ? ನಿಮ್ಮ ಮನೆಯ ರೀತಿಗೆ ಸರಿಹೋಗುತ್ತದೋ ಇಲ್ಲವೋ, ಹೊರಗಿನಿಂದ ಹೇಳುವುದು ಸುಲಭ, ತಪ್ಪಾದರೆ ಕ್ಷಮಿಸು. ಯಾರಿಗೂ ಬಡಿಸುವ ಮೊದಲು ನಿನ್ನ ತಟ್ಟೆಗೆ ತೆಗೆದು ಮುಚ್ಚಿಡು. ಮುದ್ದೆಯಾದರೆ ಮೊದಲು ಕಟ್ಟಿದ್ದರಲ್ಲೇ ಒಂದನ್ನು ತೆಗೆದಿಡು, ಕೊನೆಯದನ್ನಲ್ಲ. ಅತ್ತೆಯವರು ಏನಾದರೂ ಅಂದುಕೊಂಡರೆ ದೊಡ್ಡಮ್ಮ ಹೇಳಿದ್ದಾರೆ ಎನ್ನು. ನನ್ನ ಹೆಸರಿಗೆ ಬರಲಿ. ಅವರು ಅಷ್ಟು ಕೆಟ್ಟವರೂ ಅಲ್ಲ. ಅವರೂ ತಮ್ಮ ಕಾಲದಲ್ಲಿ ಒಲೆಯ ಕಡೆಗೆ ಮುಖ ಮಾಡಿಕೊಂಡು ಕುಡಿದವರೇ ಇರಬೇಕು. ಯಾರಾದರೂ ಎಂದಾದರೂ ಅವರನ್ನು ಕೇಳಿದ್ದಾರೆಯೇ?

ನಿಮ್ಮ ಬಡಾವಣೆಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ರಕ್ತ ನೋಡುತ್ತಾರೆ. ಒಮ್ಮೆ ಹೋಗಿ ಬಾ, ಮಗಳನ್ನೂ ಕರೆದುಕೊಂಡು ಹೋಗು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಜನಕ್ಕೆ ರಕ್ತಹೀನತೆ ಇತ್ತಂತೆ. ಅದನ್ನು ಕೇಳಿದಾಗ ಅವರಲ್ಲಿ ಎಷ್ಟು ಜನ ರಾತ್ರಿ ಹಸಿವಿಲ್ಲ ಎನ್ನುವವರೋ ಎಂದುಕೊಂಡಿದ್ದೆ. ನಿನ್ನ ಕಾಗದ ಬಂದ ಮೇಲೆ ಅದು ಮತ್ತೆ ನೆನಪಾಗಿ ನಿದ್ದೆ ಬರಲಿಲ್ಲ.

ಭಾನುವಾರ ಬೆಳಗಿನ ರೈಲಿಗೆ ಪಕ್ಕದ ಮನೆಯ ಹುಡುಗ ಬೆಂಗಳೂರಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಎರಡು ಸೇರು ಹುರುಳಿ, ಒಂದು ಸೇರು ಅಲಸಂದೆ, ನೆರಳಿನಲ್ಲಿ ಒಣಗಿಸಿದ ನುಗ್ಗೆಸೊಪ್ಪಿನ ಪುಡಿ, ಹನ್ನೆರಡು ಕಾಯಿ ಕಳಿಸುತ್ತಿದ್ದೇನೆ. ಯಶವಂತಪುರದಲ್ಲಿ ಇಳಿಯುತ್ತಾನೆ, ಅಳಿಯಂದಿರನ್ನು ಕಳಿಸು. ಕಡಲೆಬೀಜವನ್ನು ಬೇರೆಯಾಗಿ ಚಿಕ್ಕ ಗಂಟು ಕಟ್ಟಿದ್ದೇನೆ. ಅದು ನಿನಗೆ. ಹುರಿದು ಬೆಲ್ಲದ ಜೊತೆ ಹೊಲಿಗೆ ಯಂತ್ರದ ಪಕ್ಕದಲ್ಲಿ ಇಟ್ಟುಕೋ, ಮಕ್ಕಳ ಡಬ್ಬಿಗೆ ಹಾಕಬೇಡ. ಅವರಿಗೆ ಬೇರೆ ಕಳಿಸುತ್ತೇನೆ.

ಭಾನುವಾರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ಏನು ಅಡುಗೆ ಎಂದು ಕೇಳುವುದಿಲ್ಲ. ನೀನು ಏನು ತಿಂದೆ, ಎಷ್ಟು ತಿಂದೆ ಎಂದು ಕೇಳುತ್ತೇನೆ. ಹೊರಗೆ ಹೋಗಿ ಮಾತನಾಡಬೇಡ. ಮಗಳ ಪಕ್ಕದಲ್ಲಿ ಕುಳಿತು, ಅವಳಿಗೂ ಕೇಳಿಸುವಂತೆ ಹೇಳು.

ಇಂತಿ,
ನಿನ್ನ ದೊಡ್ಡಮ್ಮ