ಟಾಪ್ ಇಳಿಸುವ ಮುಂಚೆ ಕಾರ್ಪೆಟ್ ಎತ್ತಿ ನೋಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ವಾಹನ ಪುಟದಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಲೇಖನ ಬಂದಿತ್ತು. ಟಾಪ್ ಮಡಚಿ ಇಳಿಸಬಹುದಾದ ಕನ್ವರ್ಟಿಬಲ್, ಅಂದರೆ ಓಪನ್ ಕಾರು ತಗೋಬೇಕೋ, ಗಟ್ಟಿ ಛಾವಣಿಯ ಕೂಪೆ ತಗೋಬೇಕೋ ಅನ್ನುವುದು ಅವರವರ ಮನಸ್ಸಿಗೆ ಬಿಟ್ಟಿದ್ದು ಎಂದು ಅದರಲ್ಲಿ ಬರೆದಿದ್ದರು. ಹೊಸ ಕಾರಿನ ಮಟ್ಟಿಗೆ ಅದು ಸರಿ. ಹಳೇ ಕಾರಿಗೆ ಆ ಮಾತು ನಡೆಯುವುದಿಲ್ಲ. ನಾನು ಬೆಂಗಳೂರಿನ ಜೆ.ಸಿ. ರಸ್ತೆ ಪಕ್ಕದ ಗಲ್ಲಿಯೊಂದರಲ್ಲಿ 31 ವರ್ಷದಿಂದ ಕುಷನ್ ಕೆಲಸ ಮಾಡುತ್ತಿದ್ದೇನೆ. ಶುರು ಮಾಡಿದ್ದು ಜೀಪಿನ ಹುಡ್ ಹೊಲಿಯುವುದರಿಂದ. ಈಗ 12 ವರ್ಷದಿಂದ ಎರಡು ಸೀಟಿನ ಓಪನ್ ಕಾರುಗಳ ಬಟ್ಟೆ ಟಾಪ್ ಕೂಡ ರಿಪೇರಿಗೆ ಬರುತ್ತವೆ. ಅದಕ್ಕೇ ಬರೆಯಲು ಕೂತೆ.

ಅದೇ ಪುಟ ಮಡಚಿಕೊಂಡು ನನ್ನ ಅಕ್ಕನ ಮಗ ಮಂಗಳವಾರ ಅಂಗಡಿಗೆ ಬಂದ. ಎರಡು ಕಾರು ನೋಡಿಟ್ಟಿದ್ದಾನೆ. ಒಂದು ಪೋರ್ಷೆ ಕಂಪನಿಯ ಓಪನ್ ಕಾರು ಬಾಕ್ಸ್‌ಸ್ಟರ್, ಇನ್ನೊಂದು ಅದೇ ಕಂಪನಿಯ ಕೂಪೆ ಕೇಮನ್. "ಮಾಮ, ನೀವೇ ಹೇಳಿ, ಯಾವುದು ತಗೊಳ್ಳಲಿ?" ಅಂದ. "ಕಾರು ರಾತ್ರಿ ಎಲ್ಲಿ ನಿಲ್ಲುತ್ತಪ್ಪಾ?" ಅಂತ ಕೇಳಿದೆ. "ಮನೆ ಮುಂದೆ ರಸ್ತೇಲಿ. ಹೊಂಗೆ ಮರ ಇದೆ, ಒಳ್ಳೆ ನೆರಳು" ಅಂದ. "ಹಾಗಾದ್ರೆ ಕೇಮನ್ ತಗೋ" ಅಂದೆ. ಅವನ ಮುಖ ಸಪ್ಪಗಾಯಿತು. ಎಂಜಿನ್ ಬಗ್ಗೆ, ಓಡಿದ ಕಿಲೋಮೀಟರ್ ಬಗ್ಗೆ ಏನೂ ಕೇಳದೆ ಅದು ಹೇಗೆ ಹೇಳ್ತೀರಿ ಅಂದ.

ಈ ಎರಡು ಕಾರು ಅಣ್ಣ ತಮ್ಮ ಇದ್ದ ಹಾಗೆ. ಬಾಕ್ಸ್‌ಸ್ಟರ್ ಬಂದಿದ್ದು 1996ರಲ್ಲಿ. ಅದರ ಎರಡನೇ ತಲೆಮಾರಿನ ಕಾರಿಗೆ 2005ರಲ್ಲಿ ಗಟ್ಟಿ ಮೇಲ್ಛಾವಣಿ ಕೊಟ್ಟು ಕೇಮನ್ ಮಾಡಿದರು. ಎರಡರಲ್ಲೂ ಎಂಜಿನ್ ಸೀಟಿನ ಹಿಂದೆ, ಕಾರಿನ ನಡುವೆ. ಎಂಜಿನ್ನಿನ ಪರೀಕ್ಷೆ ಎರಡಕ್ಕೂ ಒಂದೇ, ಅದನ್ನು ಮೆಕ್ಯಾನಿಕ್ ಮಾಡುತ್ತಾನೆ. ಬೇರೆಯಾಗುವುದು ತಲೆಯ ಮೇಲಿನ ಭಾಗ. ಅದರಿಂದ ಸಾಮಾನು ಇಡುವ ಜಾಗವೂ ಬೇರೆಯಾಗುತ್ತದೆ. ಆ ತಲೆಮಾರಿನಲ್ಲಿ ಮುಂದಿನ ಡಿಕ್ಕಿ ಹಿಂದಿನ ಡಿಕ್ಕಿ ಸೇರಿ ಬಾಕ್ಸ್‌ಸ್ಟರ್‌ನಲ್ಲಿ 280 ಲೀಟರ್, ಕೇಮನ್‌ನಲ್ಲಿ 410 ಲೀಟರ್. ಗಂಡ ಹೆಂಡತಿ ಊರಿಗೆ ಹೋಗಿ, ಬರುವಾಗ ಒಂದು ಮೂಟೆ ತೆಂಗಿನಕಾಯಿ ತರುವವರಿಗೆ ಇದೇನು ಸಣ್ಣ ವ್ಯತ್ಯಾಸವಲ್ಲ.

ಈಗ ಹೊಂಗೆ ಮರದ ವಿಷಯ. ಬಟ್ಟೆ ಟಾಪ್ ಮೇಲೆ ಬಿದ್ದ ಮಳೆ ನೀರು ಜಾರಿ ನೇರವಾಗಿ ನೆಲಕ್ಕೆ ಬೀಳುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಜಾಸ್ತಿ ನೀರು ಬೀಳುವುದು ಹಾಗೇ. ಆದರೆ ಟಾಪ್ ಮಡಚಿಕೊಂಡು ಕೂರುವ ಜಾಗದ ಅಂಚಿನಲ್ಲಿ ಒಂದು ಕಾಲುವೆ ಇರುತ್ತದೆ. ಉಳಿದ ನೀರು ಅದರೊಳಗೆ ಇಳಿಯುತ್ತದೆ. ಎರಡೂ ಮೂಲೆಯಲ್ಲಿ ಬೆರಳು ಗಾತ್ರದ ತೂತು, ಅದರ ಕೆಳಗೆ ರಬ್ಬರ್ ಪೈಪು. ನೀರು ಅಲ್ಲಿಂದ ಹಿಂದಿನ ಚಕ್ರದ ಹತ್ತಿರ ಹೊರಗೆ ಬರಬೇಕು. ಬೇಸಿಗೆಯಲ್ಲಿ ಹೊಂಗೆ ಹೂ ಉದುರುವುದನ್ನು ನೋಡಿದ್ದೀರಲ್ವಾ? ರಸ್ತೆಗೆ ಅಕ್ಕಿ ಚೆಲ್ಲಿದ ಹಾಗೆ ಕಾಣುತ್ತದೆ. ನೋಡಲು ಎಷ್ಟು ಚೆಂದವೋ ಆ ಪೈಪಿಗೆ ಅಷ್ಟೇ ಕೆಟ್ಟದ್ದು. ಮಳೆಮರದ ಸಣ್ಣ ಎಲೆಯೂ ಹಾಗೇ. ಧೂಳಿನ ಜೊತೆ ಸೇರಿ ಕೊಳೆತು ಗೊಬ್ಬರವಾಗಿ ಕಟ್ಟಿಕೊಳ್ಳುತ್ತದೆ. ಮುಂಗಾರಿನ ಮೊದಲ ಜೋರು ಮಳೆಗೆ ಕಾಲುವೆ ತುಂಬುತ್ತದೆ. ಹೊರಗೆ ದಾರಿ ಇಲ್ಲದ ನೀರು ಕಾರಿನೊಳಗೆ ಇಳಿಯುತ್ತದೆ.

ಒಳಗೆ ಇಳಿದದ್ದು ಕಣ್ಣಿಗೆ ಕಾಣುವುದಿಲ್ಲ. ಕಾರ್ಪೆಟ್ ಕೆಳಗೆ ದಪ್ಪ ಫೋಮ್ ಇರುತ್ತದೆ. ಅದು ನೀರನ್ನು ಪೂರ್ತಿ ಹೀರಿಕೊಳ್ಳುತ್ತದೆ. ಮೇಲೆ ಮುಟ್ಟಿದರೆ ಒಣಗಿಯೇ ಇರುತ್ತದೆ. ಫೋಮ್ ಕೆಳಗೆ ವೈರಿಂಗ್ ಹೋಗಿರುತ್ತದೆ. ಕೆಲವು ಕಾರುಗಳಲ್ಲಿ ಸೀಟಿನ ಕೆಳಗೇ ಕಂಟ್ರೋಲ್ ಯೂನಿಟ್ ಇಟ್ಟಿರುತ್ತಾರೆ. ಟಾಪ್ ಎಳೆಯುವ ಮೋಟಾರನ್ನು ಕಾಲುವೆಯ ಪಕ್ಕದ ಗುಂಡಿಯಲ್ಲೇ ಕೂರಿಸಿದ ಕಾರುಗಳೂ ಇವೆ.

ಮೂರು ವರ್ಷದ ಹಿಂದೆ ಒಬ್ಬ ಯುವ ಡಾಕ್ಟರು ಓಪನ್ ಕಾರು ತಂದರು. ಮುಂಬೈ ಕಾರು. ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿನ ತೆರಿಗೆ ಕಟ್ಟಿ, ಕೆಎ ನಂಬರ್ ಹಾಕಿಸಿ ಆಗಿತ್ತು. ಮಾರಿದವರು ಒಳಗೆಲ್ಲ ಶಾಂಪೂ ಹಾಕಿ ತೊಳೆದು, ಸೆಂಟ್ ಹೊಡೆದು ಕೊಟ್ಟಿದ್ದರು. ಡಾಕ್ಟರು ಹೇಳಿದ್ದು ಇಷ್ಟೇ: "ಟಾಪ್‌ನ ಒಂದು ಹೊಲಿಗೆ ಬಿಟ್ಟಿದೆ, ಹಾಕಿಕೊಡಿ." ಹೊಲಿಗೆಗೆ ಅಂತ ಹಿಂದಿನ ಕಾರ್ಪೆಟ್ ಎತ್ತಿದೆ. ಫೋಮನ್ನು ಕೈಯಲ್ಲಿ ಹಿಂಡಿದೆ. ಮಗ್ಗಿನಲ್ಲಿ ಹಿಡಿಯುವಷ್ಟು ನೀರು ಬಂತು, ಕಪ್ಪು ನೀರು. ಕನೆಕ್ಟರ್‌ಗಳು ಹಸಿರು ಬಣ್ಣಕ್ಕೆ ತಿರುಗಿದ್ದವು. ಮುಂದಿನ ಎರಡು ತಿಂಗಳಲ್ಲಿ ಅವರು ಖರ್ಚು ಮಾಡಿದ್ದರಲ್ಲಿ ಹೊಸ ಟಾಪ್ ಬರುತ್ತಿತ್ತು. ಟಾಪನ್ನು ಹೊರದೇಶದಿಂದ ತರಿಸಿದರೆ ಲಕ್ಷ ದಾಟುತ್ತದೆ, ಗೊತ್ತಿರಲಿ. ಇನ್ಶೂರೆನ್ಸ್ ಇದೆಯಲ್ಲ ಅನ್ನಬೇಡಿ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ 50ರಷ್ಟು ಕಡಿತ ಮಾಡುತ್ತಾರೆ. ಓಪನ್ ಕಾರಿನಲ್ಲಿ ಟಾಪಿನ ಸುತ್ತ ಇರುವುದೆಲ್ಲ ರಬ್ಬರೇ. ಆ ಡಾಕ್ಟರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಸುಮ್ನೆ ಆ ಫೋಮ್ ನೋಡುತ್ತಿದ್ದರು. ಅದು ನನಗೆ ಮರೆಯುವುದಿಲ್ಲ.

ಆದ್ದರಿಂದ ಓಪನ್ ಕಾರು ನೋಡಲು ಹೋಗುವವರು ಒಂದು ಹಳೇ ದಿನಪತ್ರಿಕೆ ತಗೊಂಡು ಹೋಗಿ. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ, ಫೋಮ್ ಮೇಲೆ ಪತ್ರಿಕೆ ಹರಡಿ, ಅಂಗೈ ಊರಿ ಭಾರ ಬಿಟ್ಟು ಒತ್ತಿ. ತೇವ ಇದ್ದರೆ ಕಾಗದ ಹೇಳುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಕೊನೆಯ ಒಂದು ಅಡಿಯಲ್ಲಿ ಬೂಷ್ಟು ಅಥವಾ ನೀರಿನ ಗೆರೆ ಇರಬಾರದು. ಒಂದು ಲೋಟ ನೀರು ಆ ಮೂಲೆಯ ತೂತಿಗೆ ನಿಧಾನವಾಗಿ ಹೊಯ್ದು, ಚಕ್ರದ ಹತ್ತಿರ ಬರುತ್ತದಾ ನೋಡಿ. ಕಟ್ಟಿಕೊಂಡಿದ್ದರೆ ಕಬ್ಬಿಣದ ತಂತಿ ತುರುಕಬೇಡಿ, ಪೈಪು ತೂತಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರ ಸಾಕು. ಟಾಪನ್ನು ಮೂರು ಸಲ ತೆರೆದು ಮುಚ್ಚಿಸಿ. ಮಾರುವವನು "ಬ್ಯಾಟರಿ ವೀಕ್ ಇದೆ ಸಾರ್, ಆಮೇಲೆ ತೋರಿಸ್ತೀನಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಕೂಪೆಯನ್ನು ನಾನು ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಮೈಸೂರು ಪಾಕಿನ ರಟ್ಟಿನ ಡಬ್ಬ ತಗೊಳ್ಳಿ. ಮುಚ್ಚಳ ಹಾಕಿ ತಿರುಚಿ ನೋಡಿ, ಬಿಗಿಯಾಗಿರುತ್ತದೆ. ಮುಚ್ಚಳ ತೆಗೆದು ತಿರುಚಿ, ಬಳುಕುತ್ತದೆ. ಕಾರೂ ಅಷ್ಟೇ. ಬಿಎಂಡಬ್ಲ್ಯು ಝಡ್4ನ ಮೊದಲ ತಲೆಮಾರಿನಲ್ಲಿ ಎರಡೂ ರೂಪ ಇತ್ತು. ಓಪನ್ ಕಾರಿನ ಬಾಡಿಯನ್ನು ಒಂದು ಡಿಗ್ರಿ ತಿರುಚಲು 14,500 ನ್ಯೂಟನ್ ಮೀಟರ್ ತಿರುಚುಬಲ ಬೇಕಿತ್ತು, ಕೂಪೆಗೆ 32,000. ಎರಡು ಪಟ್ಟಿಗಿಂತ ಜಾಸ್ತಿ. ಛಾವಣಿ ಇಲ್ಲದ ಕಾರಿನ ಶಕ್ತಿಯೆಲ್ಲ ಬಾಗಿಲ ಕೆಳಗಿನ ಪಟ್ಟಿಯಲ್ಲಿ, ನೆಲದಲ್ಲಿ ಇರುತ್ತದೆ. ಅಲ್ಲಿ ತುಕ್ಕು ಹಿಡಿದಿದ್ದರೆ, ಆಕ್ಸಿಡೆಂಟ್ ಆಗಿ ಬೆಸುಗೆ ಹಾಕಿದ್ದರೆ ಅಂಥ ಕಾರು ಬೇಡವೇ ಬೇಡ. ನಮ್ಮ ಹಂಪು, ಗುಂಡಿಗಳ ಮೇಲೆ ಹತ್ತು ವರ್ಷ ಓಡಿದ ಓಪನ್ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಕಟಕಟ ಅನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಲೋಹದ ಛಾವಣಿಯೇ ಮಡಚಿಕೊಳ್ಳುವ ಕಾರು ತಗೊಂಡರೆ ಎರಡೂ ಸಿಕ್ಕ ಹಾಗಲ್ವಾ ಅಂತ ಕೇಳುತ್ತಾರೆ. 2009ರಲ್ಲಿ ಬಂದ ಝಡ್4 ಅಂಥದ್ದೇ, 20 ಸೆಕೆಂಡಿನಲ್ಲಿ ಮಡಚುತ್ತದೆ. ಬಟ್ಟೆ ಟಾಪ್ ಥರ ಯಾರಾದರೂ ಬ್ಲೇಡು ಹಾಕಿ ಕೊಯ್ಯುವ ಭಯ ಇಲ್ಲ, ಅದು ನಿಜ. ಆದರೆ ಛಾವಣಿ ಇಳಿಸಿದರೆ ಡಿಕ್ಕಿ 310 ಲೀಟರ್‌ನಿಂದ 180ಕ್ಕೆ ಇಳಿಯುತ್ತದೆ. ಹೈಡ್ರಾಲಿಕ್ ಪೈಪು, ಸೀಲು, ಸೆನ್ಸರ್ ಎಲ್ಲ ಅದರ ಒಳಗಿವೆ. ಬಟ್ಟೆ ಹರಿದರೆ ನಾನು ಹೊಲಿಯಬಲ್ಲೆ. ಅದು ಅರ್ಧಕ್ಕೆ ನಿಂತರೆ ನನ್ನಂಥವರಿಂದ ಆಗುವುದಿಲ್ಲ.

ಇಷ್ಟು ಓದಿ ನನಗೆ ಓಪನ್ ಕಾರು ಇಷ್ಟವಿಲ್ಲ ಅಂದುಕೊಳ್ಳಬೇಡಿ. ಮೂಡಿಗೆರೆ ಕಡೆಯ ಒಬ್ಬ ಪ್ಲಾಂಟರ್‌ಗೆ ಟಾಪ್ ಹೊಲಿದು ಕೊಟ್ಟೆ. ಫಿಟ್ ಮಾಡಲು ಅವರ ಎಸ್ಟೇಟಿಗೇ ಹೋಗಿದ್ದೆ. ಮಾರ್ಚ್ ಕೊನೆ. ಎಂಟು ದಿನದ ಹಿಂದೆ ಮಳೆ ಬಿದ್ದು ಕಾಫಿ ಹೂ ಬಿಟ್ಟಿತ್ತು. ಕೆಲಸ ಮುಗಿದ ಮೇಲೆ ಟಾಪ್ ಇಳಿಸಿ ಬೆಳಗಿನ ಏಳು ಗಂಟೆಗೆ ನನ್ನನ್ನು ಕೂರಿಸಿಕೊಂಡು ಹೊರಟರು. ಗಾಡಿಯ ವೇಗ 40 ದಾಟಲಿಲ್ಲ. ಎರಡೂ ಕಡೆ ಬಿಳಿ ತೋಟ, ಮಲ್ಲಿಗೆ ಥರ ಪರಿಮಳ, ಮೇಲೆ ಸಿಲ್ವರ್ ಓಕ್ ಸಾಲು. ಯಾವ ಕೂಪೆಯೂ ಅದನ್ನು ಕೊಡಲಾರದು. ಆ ಕಾರು ಅವರ ಹೆಂಚಿನ ಶೆಡ್ಡಿನಲ್ಲಿ ನಿಲ್ಲುತ್ತದೆ. ಅವರೇ ತಿಂಗಳಿಗೊಮ್ಮೆ ಪೈಪಿಗೆ ನೀರು ಬಿಟ್ಟು ನೋಡುತ್ತಾರೆ. ಜೂನ್ ಬಂತೆಂದರೆ ಹೊರಗೆ ತೆಗೆಯುವುದಿಲ್ಲ. ಅಂಥವರಿಗೆ ಓಪನ್ ಕಾರೇ ಸರಿ, ಕಣ್ಣು ಮುಚ್ಚಿ ಹೇಳುತ್ತೇನೆ.

ಇನ್ನೊಂದು ವಿಷಯ ದಯವಿಟ್ಟು ನಿಮ್ಮ ಪುಟದಲ್ಲಿ ಹಾಕಿ. ಬಜೆಟ್ ಸಾಲದ ಹುಡುಗರು ಹಳೇ ಕಾರು ತಂದು "ಅಣ್ಣಾ, ಮೇಲಿನ ತಗಡು ಕತ್ತರಿಸಿ ಬಟ್ಟೆ ಟಾಪ್ ಹಾಕಿಕೊಡಿ" ಅನ್ನುತ್ತಾರೆ. ನಾನು ಮಾಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಬಿಡುವುದಿಲ್ಲ. ಕಂಪನಿ ಮಾಡಿದ ರೂಪವನ್ನು ಹಾಗೆ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಕಾನೂನು ಪಕ್ಕಕ್ಕಿರಲಿ. ಆ ರಟ್ಟಿನ ಡಬ್ಬ ನೆನಪಿಸಿಕೊಳ್ಳಿ. ಹುಟ್ಟಿನಿಂದಲೇ ಛಾವಣಿಯ ಬಲದ ಮೇಲೆ ನಿಂತ ಕಾರಿನ ತಲೆ ಕತ್ತರಿಸಿದರೆ ಒಳಗೆ ಕೂತ ಮಕ್ಕಳ ಗತಿ ಏನು?

ಅಕ್ಕನ ಮಗ ನಿನ್ನೆ ಫೋನ್ ಮಾಡಿದ್ದ. ಕಾರು ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿ, ಬಾಡಿಗೆಗೆ ಶೆಡ್ ಹುಡುಕುತ್ತಿದ್ದಾನಂತೆ. ಸಿಕ್ಕರೆ ಬಾಕ್ಸ್‌ಸ್ಟರ್ ನೋಡಲು ನಾನೇ ಜೊತೆಗೆ ಹೋಗುತ್ತೇನೆ. ನಿಮ್ಮ ಭಾನುವಾರದ ಪತ್ರಿಕೆಯನ್ನು ಅದಕ್ಕೆ ಎತ್ತಿಟ್ಟಿದ್ದೇನೆ.

ಇತಿ,
ಒಬ್ಬ ಕುಷನ್ ಕೆಲಸಗಾರ
ಜೆ.ಸಿ. ರಸ್ತೆ, ಬೆಂಗಳೂರು