ಆ ಹನ್ನೊಂದು ವಾರ ನನ್ನನ್ನು ಸಹಿಸಿಕೊಂಡವರಿಗೆ

ಹೋದ ಭಾನುವಾರ ತೂಕ ನೋಡಿದೆ. 81 ಕೆಜಿ. ಹದಿನಾಲ್ಕು ತಿಂಗಳ ಹಿಂದೆ, ದೀಪಾವಳಿ ಮುಗಿದ ವಾರ, 98 ಇತ್ತು. ಮೂರು ತಿಂಗಳ ಶುಗರ್ ಹೇಳುವ ಎಚ್‌ಬಿಎ1ಸಿ ಆಗ 6.3, ಈಗ 5.6.

ಮೊದಲ ಹತ್ತು ಕೆಜಿಗೆ ನಾನು ಯಾರಿಗೂ ಥ್ಯಾಂಕ್ಸ್ ಹೇಳಬೇಕಿಲ್ಲ. ಹೊಸ ಹುಮ್ಮಸ್ಸು, ತಾನೇ ಇಳಿಯಿತು. ಏಪ್ರಿಲ್‌ನಲ್ಲಿ 88ಕ್ಕೆ ಬಂದು ನಿಂತಿತು ನೋಡಿ, ಜೂನ್ ಕೊನೆಯವರೆಗೂ ಅಲ್ಲಾಡಲಿಲ್ಲ. ಹನ್ನೊಂದು ವಾರ. ಅದೂ ನಮ್ಮ ಬಳ್ಳಾರಿ ಬೇಸಿಗೆಯಲ್ಲಿ. ಮುಂಜಾನೆ ಐದಕ್ಕೆ ಎದ್ದು ನಡೆದು, ಬೆವರು ಸುರಿಸಿ ಬಂದರೆ ಮತ್ತದೇ 88. ಒಂದು ದಿನ ಸಿಟ್ಟಿಗೆ ಮಂಡಕ್ಕಿ ಒಗ್ಗರಣೆ ಜೊತೆ ನಾಲ್ಕು ಮಿರ್ಚಿ ಬಜ್ಜಿ ತಿಂದೆ. ಮಾರನೇ ದಿನ 89.2! ಅದು ಕೊಬ್ಬಲ್ಲ, ಉಪ್ಪು ಹಿಡಿದಿಟ್ಟ ನೀರು ಅಂತ ಆಮೇಲೆ ಗೊತ್ತಾಯಿತು. ಆವತ್ತು ಮಾತ್ರ ಮನೆಯಲ್ಲಿ ಯಾರನ್ನೂ ನೆಟ್ಟಗೆ ಮಾತಾಡಿಸಲಿಲ್ಲ.

ನನ್ನ ಹೆಂಡತಿ ತೂಕದ ಮಷಿನ್ ಎತ್ತಿ ಜೋಳದ ಡಬ್ಬಿ ಹಿಂದೆ ಇಟ್ಟುಬಿಟ್ಟಳು. "ದಿನಾ ಅದರ ಮುಖ ನೋಡಿ ನಮ್ಮ ಮೇಲೆ ರೇಗೋದಾದ್ರೆ ಅದು ಬೇಡ. ಭಾನುವಾರ ಕೊಡ್ತೀನಿ." ಅಷ್ಟೇ. ಇವತ್ತಿಗೂ ಭಾನುವಾರವೇ ಕೊಡುತ್ತಾಳೆ. ನಡುವೆ ಹುಡುಕಿ ಎರಡು ಸಲ ಸಿಕ್ಕಿಬಿದ್ದಿದ್ದೇನೆ.

ಡಯಟೀಶಿಯನ್ ಮೇಡಂ ಬೈಯಲಿಲ್ಲ, ಏಳು ದಿನ ತಿಂದಿದ್ದೆಲ್ಲ ತೂಗಿ ಬರೆಯಿರಿ ಅಂದರು. ಬರೆದೆ. ಎರಡು ರೊಟ್ಟಿ, ಪಲ್ಯ, ಕಾಳು, ಮಜ್ಜಿಗೆ. ನನ್ನ ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. "ಶೇಂಗಾ ಪುಡಿ ಲೆಕ್ಕ ಎಲ್ಲಿ?" ಅಂದರು. ಅದೂ ಒಂದು ಊಟವಾ? ನಮ್ಮ ಕಡೆ ತಟ್ಟೆ ತುದಿಗೆ ಪುಡಿ ಹಾಕಿಕೊಂಡು, ಬೆರಳಿಂದ ನಡುವೆ ಗುಣಿ ಮಾಡಿ, ಗುಣಿ ತುಂಬ ಎಣ್ಣೆ ಬಿಡುತ್ತೇವೆ. ತೂಗಿದೆ. ಒಂದು ಹೊತ್ತಿಗೆ ಪುಡಿ 30 ಗ್ರಾಂ, ಎಣ್ಣೆ ಒಂದು ದೊಡ್ಡ ಚಮಚ. ಎಣ್ಣೆಯೇ 120 ಕ್ಯಾಲೊರಿ, ಶೇಂಗಾ ಹತ್ತಿರ ಹತ್ತಿರ 170. ದಿನಕ್ಕೆ ಎರಡು ಹೊತ್ತು. ನಾನು ನಡೆದು ಕರಗಿಸಿದ್ದೆಲ್ಲ ಆ ಗುಣಿಯೊಳಗೇ ವಾಪಸ್ ಬರುತ್ತಿತ್ತು.

ಇನ್ನೊಂದು ಮಾತೂ ಅವರೇ ಹೇಳಿದ್ದು. 98 ಕೆಜಿ ಮೈಗೆ ಬೇಕಾದಷ್ಟು ಊಟ 88 ಕೆಜಿ ಮೈಗೆ ಬೇಡ. ಹತ್ತು ಕೆಜಿ ಬಂಡಲ್ ಇಳಿಸಿದ ಹಮಾಲಿ ಮೊದಲಿನಷ್ಟು ದಣಿಯುತ್ತಾನಾ? ಹಾಗೇ ಮೈ ಖರ್ಚು ಮಾಡುವುದೂ ಕಡಿಮೆಯಾಗುತ್ತದೆ. ಜೊತೆಗೆ ಊಟ ಕಡಿಮೆಯಾಯಿತು ಅಂತ ಮೈ ಸ್ವಲ್ಪ ಕೈ ಬಿಗಿ ಹಿಡಿಯುತ್ತದೆ. ತೂಕ ಇಳಿಸುವವರಲ್ಲಿ ತುಂಬಾ ಜನರಿಗೆ ಹೀಗೆ ಒಂದು ಕಡೆ ನಿಲ್ಲುತ್ತದಂತೆ. ಪುಡಿ ಒಂದು ಚಮಚಕ್ಕೆ ಬಂತು, ಎಣ್ಣೆ ಬದಲು ಮೊಸರು ಬಂತು, ವಾರಕ್ಕೆ ಮೂರು ದಿನ ದಂಡ-ಬಸ್ಕಿ ಶುರುವಾಯಿತು. ಈ ನಡುವೆ ಹತ್ತು ದಿನಕ್ಕೆ ಐದು ಕೆಜಿ ಅಂತ ಪುಡಿ ಡಬ್ಬಿ ಮಾರಲು ಬಂದ ನೆಂಟರಿಗೂ ಒಂದು ನಮಸ್ಕಾರ, ದೂರದಿಂದಲೇ.

ಮುನ್ಸಿಪಲ್ ಮೈದಾನದ ವಾಕಿಂಗ್ ಬಳಗಕ್ಕೆ ದೊಡ್ಡ ಥ್ಯಾಂಕ್ಸ್. ಅದರಲ್ಲೂ ರಿಟೈರ್ಡ್ ಮೇಷ್ಟ್ರಿಗೆ. ನಮ್ಮ ಕೋಟೆಯ ಕಥೆ ಗೊತ್ತಲ್ವಾ? ಹೈದರಾಲಿ ಫ್ರೆಂಚ್ ಎಂಜಿನಿಯರ್ ಕೈಲಿ ಕೋಟೆ ಕಟ್ಟಿಸಿದ. ಆಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರ. ಎಂಜಿನಿಯರ್‌ನನ್ನು ನೇಣಿಗೆ ಹಾಕಿಸಿದ ಅಂತ ಜನ ಹೇಳುತ್ತಾರೆ. ನಾನು ಮುಖ ಸಣ್ಣದು ಮಾಡಿಕೊಂಡು ಬಂದಾಗೆಲ್ಲ ಮೇಷ್ಟ್ರು, "ಅಳತೆ ತಪ್ಪಿದ್ದಕ್ಕೆ ಜೀವ ತೆಗೆದ ಊರಪ್ಪಾ ಇದು. ಒಂದೇ ಅಳತೆ ನಂಬಬ್ಯಾಡ" ಅನ್ನುತ್ತಿದ್ದರು. ಕಥೆ ಹತ್ತು ಸಲ ಕೇಳಿದ್ದೇನೆ. ಕೊನೆಗೆ ತಲೆಗೆ ಹೋಗಿದ್ದು ನಮ್ಮ ಕಟಿಂಗ್ ಮಾಸ್ಟರ್‌ನಿಂದ.

ನಾನು ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಲೆಕ್ಕ ಬರೆಯುವವನು. ಮಾಸ್ಟರ್ ಕೊರಳಲ್ಲಿ ಟೇಪು ಯಾವಾಗಲೂ ಇರುತ್ತದೆ. ಯಾರೂ ಹೇಳದೆ, ಮೊದಲ ತಿಂಗಳಿಂದಲೇ, ಪ್ರತಿ ಸೋಮವಾರ ನನ್ನ ಸೊಂಟ ಅಳೆದು ಕಟಿಂಗ್ ಟೇಬಲ್ ಪಕ್ಕದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಹೊಟ್ಟೆ ಒಳಗೆ ಎಳೆದುಕೊಂಡರೆ ಪೆನ್ಸಿಲ್‌ನಿಂದ ಪಕ್ಕೆಗೆ ಚುಚ್ಚುವರು. ಜೂನ್‌ನಲ್ಲಿ ಒಂದು ದಿನ, ಇನ್ನು ಸಾಕು ಮಾಸ್ಟರ್, ಇದು ಇಳಿಯುವ ಮೈ ಅಲ್ಲ ಅಂದೆ. ಮಾತಾಡಲಿಲ್ಲ. ರಟ್ಟೆ ಹಿಡಿದು ಗೋಡೆ ಮುಂದೆ ನಿಲ್ಲಿಸಿದರು. ಏಪ್ರಿಲ್‌ನಲ್ಲಿ 39. ಮೇನಲ್ಲಿ 38 ಮುಕ್ಕಾಲು. ಜೂನ್‌ನಲ್ಲಿ 38. ಮಷಿನ್ 88ರಲ್ಲೇ ಕೂತಿದ್ದಾಗ ಸೊಂಟ ಒಂದು ಇಂಚು ಕರಗಿತ್ತು! ನಾನು ಆ ಗೋಡೆ ಪಕ್ಕದಲ್ಲೇ ದಿನಾ ಟೀ ಕುಡಿಯುತ್ತಿದ್ದೆ. ಒಂದು ದಿನವೂ ಓದಿರಲಿಲ್ಲ.

ಈಗ 35 ಇಂಚು, ಅಂದರೆ 89 ಸೆಂಟಿಮೀಟರ್. ಗಂಡಸರಿಗೆ 90 ಸೆಂಟಿಮೀಟರ್ ಒಳಗಿರಬೇಕು ಅನ್ನುತ್ತಾರಲ್ಲ, ಕೂದಲೆಳೆಯಲ್ಲಿ ಒಳಗೆ ಬಂದಿದ್ದೇನೆ.

ಮೊನ್ನೆ ಮಾಸ್ಟರ್ ತಾವೇ ಒಂದು ಪ್ಯಾಂಟ್ ಹೊಲಿದು ಕೊಟ್ಟರು. ದುಡ್ಡು ಮುಟ್ಟಲಿಲ್ಲ. ಮನೆಗೆ ಬಂದು ಒಳಗೆ ತಿರುಗಿಸಿ ನೋಡಿದರೆ ಹಿಂದಿನ ಹೊಲಿಗೆಯಲ್ಲಿ ಎರಡು ಇಂಚು ಬಟ್ಟೆ ಜಾಸ್ತಿ ಬಿಟ್ಟಿದ್ದಾರೆ. ಫೋನ್ ಮಾಡಿ ಯಾಕೆ ಮಾಸ್ಟರ್ ಅಂದೆ.

"ಇರ್ಲಿ ಬಿಡ್ರಿ. ದುರ್ಗಮ್ಮನ ಸಿಡಿಬಂಡಿ ಜಾತ್ರಿ ಬರ್ತೈತಿ, ಅದರ ಹಿಂದೇನೇ ಯುಗಾದಿ ಹೋಳಿಗಿ."